ಇಬ್ಬರು ಚಿಕ್ಕಮಾದಮ್ಮಂದಿರ ನಡುವೆ ನಿಂತ ಶಿವರತ್ನಮ್ಮನವರು

ಆಸ್ಪತ್ರೆ ಎಂದೊಡನೆ ಜನರಿಗೆ ನೆನಪಾಗುವುದು ವೈದ್ಯರು, ದಾದಿಯರು, ಔಷಧಿಯ ವಾಸನೆ. ಅಲ್ಲಿ ದಾಖಲೆಗಳ ಕೋಣೆಯೊಂದು ಇರುತ್ತದೆಂಬುದು ಏನಾದರೂ ಎಡವಟ್ಟಾದಾಗಲಷ್ಟೇ ಗೊತ್ತಾಗುತ್ತದೆ. ಕೊಳ್ಳೇಗಾಲದ ನಮ್ಮ ಧರ್ಮಾಸ್ಪತ್ರೆಯ ಆ ಕೋಣೆಯಲ್ಲಿ ಮೂರು ದಶಕಗಳಿಗೂ ಮಿಗಿಲಾಗಿ ಕುಳಿತು, ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ರೋಗಿಗಳ ಹೆಸರನ್ನೂ ಊರನ್ನೂ ನೋವನ್ನೂ ಒಬ್ಬರದು ಇನ್ನೊಬ್ಬರದರೊಡನೆ ಬೆರೆಯದಂತೆ ಕಾಯ್ದುಕೊಂಡು ಬಂದವರು ಶ್ರೀಮತಿ ಶಿವರತ್ನಮ್ಮನವರು. ವೈದ್ಯಕೀಯ ದಾಖಲೆ ನಿರ್ವಹಣೆ ಎಂಬ ಭಾರಿ ಹೆಸರು ಈ ಕೆಲಸಕ್ಕೆ ಬರುವ ಮೊದಲೇ ಆ ಕೆಲಸವನ್ನು ಮಾಡಿ ತೋರಿಸಿದವರು ಅವರು. ಈ ತಿಂಗಳು ಅವರು ನಿವೃತ್ತರಾಗುತ್ತಿದ್ದಾರೆ ಎಂಬ ಮಾತನ್ನು ನಂಬುವುದೇ ನಮಗೆ ಕಷ್ಟವಾಗಿದೆ.

ಯಳಂದೂರಿನ ಬಳಿಯ ಒಕ್ಕಲು ಮನೆತನದಿಂದ ಬಂದ ಶಿವರತ್ನಮ್ಮನವರು ಮೊದಲು ಕುಳಿತದ್ದು ಹೊರರೋಗಿಗಳ ಚೀಟಿ ಬರೆಯುವ ಕಿಟಕಿಯ ಹಿಂದೆ. ಮಾದಪ್ಪನ ಒಕ್ಕಲು ತುಂಬಿರುವ ಈ ಸೀಮೆಯಲ್ಲಿ ಮಾದಮ್ಮ, ಚಿಕ್ಕಮಾದಮ್ಮ, ಪುಟ್ಟಮಾದಮ್ಮ ಎಂದು ಕೂಗಿದರೆ ಸಾಲಿನ ಅರ್ಧ ಜನ ಎದ್ದು ನಿಲ್ಲುತ್ತಾರೆ. ವಯಸ್ಸು ಕೇಳಿದರೆ ಸ್ವಲ್ಪ ಯೋಚಿಸಿ, ‘ಐವತ್ತು ಬರ್ಕಳಿ’ ಎನ್ನುತ್ತಾರೆ. ಅದಕ್ಕೆ ಶಿವರತ್ನಮ್ಮನವರು, ‘ಯಾರ ಮನೆಯೋರವ್ವ ನೀವು?’ ಎಂದು ಕೇಳುವುದನ್ನು ರೂಢಿಸಿಕೊಂಡರು. ಗಂಡನ ಹೆಸರೋ ತಂದೆಯ ಹೆಸರೋ, ಅದರ ಪಕ್ಕದಲ್ಲಿ ಊರು. ಇಷ್ಟು ಬರೆಯದೆ ಅವರ ಕಿಟಕಿಯಿಂದ ಒಂದು ಚೀಟಿಯೂ ಹೊರಗೆ ಬರುತ್ತಿರಲಿಲ್ಲ.

ಹೂಗ್ಯಂ, ಲೊಕ್ಕನಹಳ್ಳಿ ಕಡೆಯ ಬಸ್ಸುಗಳ ಹೊತ್ತು ಅವರಿಗೆ ಬಾಯಿಪಾಠವಾಗಿತ್ತು. ಸಂಜೆಯಾದರೆ ಆ ದಾರಿಗಳಿಗೆ ಆನೆ ಬರುತ್ತದೆಂದು ಬಲ್ಲ ಅವರು, ಕಾಡಂಚಿನ ಊರುಗಳವರನ್ನು ಸಾಲಿನಲ್ಲಿ ಮುಂದಕ್ಕೆ ಕರೆಯುತ್ತಿದ್ದರು. ಪಟ್ಟಣದವರು ಯಾರಾದರೂ ಗೊಣಗಿದರೆ, ‘ನೀವು ನಡಕಂಡು ಹೋದ್ರೂ ಮನೆ ಸೇರ್ತೀರಿ ಸ್ವಾಮಿ, ಅವರು ಬಸ್ಸಲ್ಲಿ ಹೋದ್ರೂ ಸೇರೋದು ಗ್ಯಾರಂಟಿ ಇಲ್ಲ’ ಎಂದು ನಗುತ್ತಲೇ ಬಾಯಿ ಮುಚ್ಚಿಸುತ್ತಿದ್ದರು. ಪದವಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಧನುಶ್ರೀ ಎಂಬಾಕೆ ಪಡಸಾಲೆಯಲ್ಲಿ ನಿಂತು ಹೆಸರು ಕೂಗಲು ನಾಚಿ ತಡವರಿಸಿದಾಗ, ಅವರು ಗದರಲಿಲ್ಲ, ಹಂಗಿಸಲಿಲ್ಲ; ಕೆಲವು ವಾರ ತಾವೇ ಕೂಗಿದರು. ಒಂದು ದಿನ ಗಂಟಲು ಕಟ್ಟಿದೆಯೆಂದು ಹೇಳಿ ಆಕೆಯ ಕೈಯಲ್ಲಿ ಕೂಗಿಸಿದರು. ಅವರ ಗಂಟಲಿಗೆ ಆ ದಿನ ಏನೂ ಆಗಿರಲಿಲ್ಲ.

ಕಾಲ ಬದಲಾಯಿತು. ಗಂಟುಗಳ ತುಣುಕು ಪರೀಕ್ಷೆಗೆಂದು ಮೈಸೂರಿನ ಪ್ರಯೋಗಾಲಯಕ್ಕೆ ಹೋಗುವುದು, ಅದರ ವರದಿ ಇ-ಮೇಲಿನಲ್ಲಿ ಬರುವುದು ರೂಢಿಯಾಯಿತು. ಬಂದ ವರದಿಯನ್ನು ರೋಗಿಗೆ ಕನ್ನಡದಲ್ಲಿ ಓದಿ ಹೇಳುವ ಕೆಲಸವೂ ದಾಖಲೆ ಕೋಣೆಗೇ ಬಂತು. ಶಿವರತ್ನಮ್ಮನವರು ಕಂಪ್ಯೂಟರ್ ಕಲಿತರು. ಮೇಲ್ ಪ್ರೋಗ್ರಾಮಿನಲ್ಲಿ ಒಬ್ಬೊಬ್ಬ ರೋಗಿಗೂ ಒಂದೊಂದು ಫೋಲ್ಡರ್ ಮಾಡಿ, ಹಳೆಯ ರೂಢಿಯನ್ನು ಇಂಗ್ಲಿಷ್ ಅಕ್ಷರಗಳಿಗೂ ತಂದರು: ಮೊದಲು ಹೆಂಗಸಿನ ಹೆಸರು, ಆಮೇಲೆ ‘ಇಂಥವರ ಹೆಂಡತಿ’ ಎಂಬರ್ಥದಲ್ಲಿ ಡಬ್ಲ್ಯು, ಒಂದು ಓರೆಗೆರೆ, ಒಂದು ಓ, ಆಮೇಲೆ ಗಂಡನ ಹೆಸರು, ಊರು. ನಮ್ಮ ಕಚೇರಿಗಳಲ್ಲಿ ಹಾಗೆ ಬರೆಯದವರು ಯಾರಿದ್ದಾರೆ? ಆ ಓರೆಗೆರೆಯೇ ಒಂದು ದಿನ ಎಲ್ಲರ ಎದೆ ಒಡೆಯುವಂತೆ ಮಾಡೀತೆಂದು ಯಾರೂ ಎಣಿಸಿರಲಿಲ್ಲ.

ಆ ದಿನದ ಸಂಗತಿಯನ್ನು ಈ ಅಭಿನಂದನ ಗ್ರಂಥದಲ್ಲಿ ಬರೆಯಬಹುದೇ ಎಂದು ಕೇಳಿದಾಗ ಶಿವರತ್ನಮ್ಮನವರು, ‘ಅದನ್ನ ಬಿಟ್ಟು ಬೇರೆ ಏನು ಬರೆದ್ರೂ ನಾನು ಓದಲ್ಲ’ ಎಂದರು. ಆ ಸಂಗತಿಗೆ ಸಿಲುಕಿದ ಇಬ್ಬರು ರೋಗಿಗಳಲ್ಲಿ ಲೊಕ್ಕನಹಳ್ಳಿಯ ಚಿಕ್ಕಮಾದಮ್ಮನವರು ಒಪ್ಪಿದರು. ಹೂಗ್ಯಂನ ಚಿಕ್ಕಮಾದಮ್ಮನವರಂತೂ, ‘ಬರೀರಿ, ಗಂಡನ್ ಹೆಸ್ರೂ ಆಕಿ. ಇಲ್ದೇ ವೋದ್ರೆ ನಮ್ಮೂರಲ್ಲಿ ಇನ್ಯಾವ ಚಿಕ್ಕಮಾದಮ್ಮನೋ ನಾನೇ ಅಂತ ಮೆರೀತಾಳೆ’ ಎಂದರು. ಅವರು ಪುಟ್ಟಮಾದಪ್ಪನವರ ಮನೆಯವರು. ಲೊಕ್ಕನಹಳ್ಳಿಯವರು ಜಡೇಸ್ವಾಮಿಯವರ ಮನೆಯವರು. ಇಬ್ಬರಿಗೂ ಎದೆಯಲ್ಲಿ ಗಂಟು. ಇಬ್ಬರ ವಯಸ್ಸೂ ಐವತ್ತೆಂದೇ ಬರೆಸಿತ್ತು. ಇಬ್ಬರೂ ಒಂದೇ ವಾರದಲ್ಲಿ ಪರೀಕ್ಷೆಗೆ ಕೊಟ್ಟು ಹೋಗಿದ್ದರು.

ಹಿಂದಿನ ದಿನವಷ್ಟೇ ದಾಖಲೆ ಕೋಣೆಗೆ ಹೊಸ ಕಂಪ್ಯೂಟರ್ ಬಂದಿತ್ತು. ಯಳಂದೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಶಂಕರ್ ಬಂದು ಹಳೆಯದರಲ್ಲಿದ್ದ ಮೇಲುಗಳನ್ನೆಲ್ಲ ಹೊಸದಕ್ಕೆ ಇಳಿಸಿ ಹೋಗಿದ್ದರು. ಬೆಳಿಗ್ಗೆ ಶಿವರತ್ನಮ್ಮನವರು ಅದನ್ನು ತೆರೆದಾಗ ಫೋಲ್ಡರುಗಳ ಹೆಸರಿನ ಕೊನೆಗೆಲ್ಲ ಅಂಕಿ ಅಕ್ಷರಗಳ ಅಡ್ಡಾದಿಡ್ಡಿ ಬಾಲ ಬೆಳೆದಿತ್ತು. ಬೆಚ್ಚಿದರು. ಆದರೆ ಎದುರಿಗೆ ಹೂಗ್ಯಂನ ಚಿಕ್ಕಮಾದಮ್ಮನವರು ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದರು. ಹೆಸರು ಹುಡುಕಿದರು, ಚಿಕ್ಕಮಾದಮ್ಮ ಎಂಬುದು ಸಿಕ್ಕಿತು, ತೆರೆದರು. ವರದಿಯಲ್ಲೂ ಚಿಕ್ಕಮಾದಮ್ಮ, ಐವತ್ತು ಎಂದೇ ಇತ್ತು. ಓದಿದರು.

‘ಏನೂ ಇಲ್ಲ ಕಣವ್ವ. ಬರೀ ಗಂಟು, ಕೆಟ್ಟದ್ದಲ್ಲ. ನೆಮ್ಮದಿಯಾಗಿ ಹೋಗಿ.’

ಚಿಕ್ಕಮಾದಮ್ಮನವರು ಮೇಜನ್ನೇ ಮುಟ್ಟಿ ನಮಸ್ಕಾರ ಮಾಡಿ ಹೊರಟರು.

ಸ್ವಲ್ಪ ಹೊತ್ತಿಗೆ ಆಡಳಿತಾಧಿಕಾರಿ ಬಸವೇಶ ಅವರು ಕೋಣೆಗೆ ಬಂದವರು ಪರದೆ ನೋಡಿ ಹೌಹಾರಿದರು. ‘ವೈರಸ್ ಕಣ್ರೀ ಇದು! ಯಾವನೋ ಒಳಗೆ ನುಗ್ಗವ್ನೆ!’ ಎಂದು ಕೂಗಾಡಿ ಶಂಕರ್‌ಗೆ ಫೋನು ಮಾಡಿದರು. ಶಂಕರ್ ಬೈಕಿನಲ್ಲಿ ಬಂದಿಳಿದು ಹೆಲ್ಮೆಟ್ ತೆಗೆಯುವಷ್ಟರಲ್ಲೇ ಬಸವೇಶ ಅವರ ತೀರ್ಪು ಸಿದ್ಧವಾಗಿತ್ತು: ‘ಈ ಬಾಲ ಇರೋವೆಲ್ಲ ಡಿಲೀಟ್ ಮಾಡಿ ಬಿಸಾಕಪ್ಪ. ಬೇಡದ ಫೋಲ್ಡರ್ ಇಟ್ಕಂಡು ಪೂಜೆ ಮಾಡಕಾಯ್ತದಾ?’

ಶಂಕರ್ ಪರದೆಯ ಮುಂದೆ ಕುಳಿತು ಸ್ವಲ್ಪ ಹೊತ್ತು ನೋಡಿ ತಲೆ ಕೆರೆದುಕೊಂಡರು. ‘ವೈರಸ್ ಅಲ್ಲ ಸಾ. ಮೇಡಂ ಮಾಡಿರೋ ಒಂದೊಂದು ಫೋಲ್ಡರೂ ಡಿಸ್ಕಲ್ಲಿ ಒಂದೊಂದು ಫೈಲು. ಫೈಲಿನ ಹೆಸರಲ್ಲಿ ಓರೆಗೆರೆ ಇರಂಗಿಲ್ಲ ಅಂತ ವಿಂಡೋಸ್ ರೂಲ್ಸು. ಅದಕ್ಕೆ ಮೇಲ್ ಪ್ರೋಗ್ರಾಮು ಗೆರೆ ಬಂದ ಜಾಗಕ್ಕೆ ಹೆಸರು ಕತ್ತರಿಸಿ, ತನ್ನದೇ ಒಂದು ಬಾಲ ಅಂಟಿಸ್ಕತದೆ. ಪೂರಾ ಹೆಸರು ಬೇರೆ ಕಡೆ ನೆನಪಿಟ್ಕಂಡು, ನಮಗೆ ಅದನ್ನ ತೋರಿಸ್ತದೆ. ನೆನ್ನೆ ನಾನು ಮೇಲುಗಳ್ನೆಲ್ಲ ತಂದೆ, ಆ ನೆನಪಿನ ಫೈಲು ಹಳೇದ್ರಲ್ಲೇ ಉಳಕಂಡ್ತು. ನಂದೇ ಮಿಸ್ಟೇಕು.’

‘ಆಯ್ತಲ್ಲ, ಕೆಟ್ಟೋಗವೆ ತಾನೆ? ಅಳಿಸಿ.’

‘ಸಾರ್’ ಎಂದರು ಶಿವರತ್ನಮ್ಮನವರು, ‘ಕೆಟ್ಟಿರೋದು ಹೊರಗಿನ ಹೆಸರು. ಒಳಗಿರೋರು ನಮ್ಮ ಜನವೇ ಅಲ್ವಾ? ತೆಗೆದು ನೋಡದೆ ಒಂದನ್ನೂ ಅಳಿಸಬೇಡಿ.’

ಶಂಕರ್ ಒಂದೊಂದನ್ನೇ ತೆರೆಯತೊಡಗಿದರು. ಗಂಡನ ಹೆಸರೂ ಊರೂ ಓರೆಗೆರೆಯ ಆಚೆಗಿದ್ದುದರಿಂದ ಅವೆರಡೂ ಎಲ್ಲ ಹೆಸರುಗಳಿಂದಲೂ ಹೊರಟುಹೋಗಿದ್ದವು. ಉಳಿದದ್ದು ಬರೀ ಮಾದಮ್ಮಂದಿರು. ‘ಮೇಡಂ, ಇಲ್ಲಿ ಇನ್ನೊಬ್ರು ಚಿಕ್ಕಮಾದಮ್ಮ ಅವ್ರೆ’ ಎಂದರು. ಆ ಫೋಲ್ಡರಿನಲ್ಲಿ ಪರೀಕ್ಷೆಗೆ ಕಳಿಸಿದಾಗ ಶಿವರತ್ನಮ್ಮನವರೇ ಬರೆದಿದ್ದ ಮೇಲ್ ಇತ್ತು. ಅದರಲ್ಲಿ ಹೂಗ್ಯಂ ಎಂದಿತ್ತು. ಅದರ ಕೆಳಗೆ ವರದಿ. ಅದು ಬೆಳಿಗ್ಗೆ ಓದಿದ ವರದಿಯಾಗಿರಲಿಲ್ಲ. ಗಂಟು ಕೆಟ್ಟದ್ದು, ತಡಮಾಡದೆ ಶಸ್ತ್ರಚಿಕಿತ್ಸೆ ಆಗಬೇಕು ಎಂದಿತ್ತು.

ಶಿವರತ್ನಮ್ಮನವರು ಆ ವರದಿಯನ್ನು ಇನ್ನೊಮ್ಮೆ ಓದಿದರು. ಕುರ್ಚಿಯ ಬೆನ್ನು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಬೆಳಿಗ್ಗೆ ತಾವು ಓದಿ ಹೇಳಿದ್ದು ಲೊಕ್ಕನಹಳ್ಳಿಯಾಕೆಯದು. ಕೆಡುಕು ಹೊತ್ತಿದ್ದ ಹೆಂಗಸನ್ನು ತಮ್ಮ ಬಾಯಾರೆ ‘ಏನೂ ಇಲ್ಲ’ ಎಂದು ಹೇಳಿ ಮನೆಗೆ ಕಳಿಸಿದ್ದರು. ಇನ್ನು ಆಕೆ ಆಸ್ಪತ್ರೆಯ ಕಡೆ ತಿರುಗಿ ನೋಡುವುದು ಯಾವಾಗ? ಗಂಟು ಒಡೆದ ಮೇಲೆಯೇ?

‘ಫೋನ್ ಮಾಡಿ ಹೇಳೋಣ, ಗಾಬರಿಯಾಗಬೇಡಿ’ ಎಂದರು ಬಸವೇಶ.

‘ಎದುರಿಗೆ ಕೂರಿಸ್ಕೊಂಡು ತಪ್ಪು ಓದಿದೀನಿ ಸಾರ್. ಫೋನಲ್ಲಿ ತಿದ್ದೋಕಾಗಲ್ಲ.’ ಅಷ್ಟು ಹೇಳಿ ಅವರು ಶಂಕರ್ ಕಡೆ ತಿರುಗಿದರು. ‘ಹೂಗ್ಯಂಗೆ ಹೋಗೋರು ಹನೂರಲ್ಲಿ ಬಸ್ ಬದಲಾಯಿಸ್ಬೇಕು. ನಡೀರಿ.’

ಅದುವರೆಗೆ ಯಾರ ಬೈಕಿನ ಹಿಂದೆಯೂ ಕೂರದಿದ್ದ ಆ ಹಿರಿಯರು ವರದಿಯ ಪ್ರತಿಯನ್ನು ಎದೆಗವಚಿಕೊಂಡು ಶಂಕರ್ ಹಿಂದೆ ಕುಳಿತರು. ದಾರಿಯುದ್ದಕ್ಕೂ ಮುಂದೆ ಬಸ್ಸು ಕಂಡಾಗಲೆಲ್ಲ ಶಂಕರ್ ಅವರ ಭುಜವನ್ನು ಗಟ್ಟಿಯಾಗಿ ಹಿಡಿಯುತ್ತಿದ್ದರಂತೆ.

ಹನೂರು ಬಸ್ ನಿಲ್ದಾಣದಲ್ಲಿ ಹೂಗ್ಯಂ ಬಸ್ಸು ಹೊರಡಲು ನಿಂತಿತ್ತು. ಅದರ ಬಾಗಿಲ ಬಳಿಯೇ ಚಿಕ್ಕಮಾದಮ್ಮನವರು ಸಿಕ್ಕರು. ಇವರನ್ನು ಕಂಡೊಡನೆ ಅವರ ಮುಖ ಅರಳಿತು. ಕೈಯಲ್ಲಿದ್ದ ಪೊಟ್ಟಣ ಬಿಚ್ಚಿ ಒಂದು ಜಿಲೇಬಿಯನ್ನು ಮುಂದೆ ಹಿಡಿದರು. ‘ತಕಳಿ ಮೇಡಮ್ಮ, ಮೊದ್ಲು ನಿಮ್ಮ ಬಾಯಿ ಸಿಹಿ ಆಗ್ಲಿ. ಮೊಮ್ಮಕ್ಕಳಿಗೆ ಅಂತ ತಕಂಡೆ. ನೀವೇನು ಇತ್ಲಗೆ ಬಂದ್ರಿ?’

ಜಿಲೇಬಿ ಕೈಗೆ ಬಂದಿತ್ತು. ಶಿವರತ್ನಮ್ಮನವರಿಗೆ ಅದನ್ನು ತಿನ್ನಲೂ ಆಗಲಿಲ್ಲ, ಹಿಂದಕ್ಕೆ ಕೊಡಲೂ ಆಗಲಿಲ್ಲ. ಆಕೆಯ ತೋಳು ಹಿಡಿದು ಕಲ್ಲುಬೆಂಚಿಗೆ ಕರೆದೊಯ್ದು ಕೂರಿಸಿದರು.

‘ಅವ್ವ, ಬೆಳಿಗ್ಗೆ ನಾನು ಓದಿದ್ದು ನಿಮ್ಮದಲ್ಲ.’

‘ಏನು ನಮ್ದಲ್ಲ?’

‘ಆ ರಿಪೋರ್ಟು. ಅದು ಇನ್ನೊಬ್ಬರು ಚಿಕ್ಕಮಾದಮ್ಮಂದು. ನಿಮ್ಮದು ಇಲ್ಲಿದೆ.’

ಕಂಡಕ್ಟರು ‘ಹೂಗ್ಯಂ, ಹೂಗ್ಯಂ’ ಎಂದು ಕೂಗಿ ಸೀಟಿ ಊದಿದ. ಬಸ್ಸು ಹೊರಟುಹೋಯಿತು. ಚಿಕ್ಕಮಾದಮ್ಮನವರು ಅದರತ್ತ ತಿರುಗಿಯೂ ನೋಡಲಿಲ್ಲ.

‘ಕೆಟ್ಟದ್ದಾ?’

‘ಕೆಟ್ಟದ್ದೇ. ಆದರೆ ಬೇಗ ಗೊತ್ತಾಗಿದೆ. ವಾಸಿ ಮಾಡ್ತಾರೆ. ನಾಳೆನೇ ಮೈಸೂರಿಗೆ ಹೋಗೋಣ, ನಾನೂ ಬರ್ತೀನಿ.’

‘ಏನೂ ಇಲ್ಲ ಅಂದಿದ್ದು ನೀವೇ ತಾನೆ?’ ಚಿಕ್ಕಮಾದಮ್ಮನವರ ದನಿ ಏರಿತು. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ‘ಬಾಯ್ಬುಟ್ಟು ನೀವೇ ತಾನೆ ಅಂದಿದ್ದು?’

‘ನಾನೇ.’

‘ನಾನು ಮನೆಗೆ ವೋಗ್ಬುಟ್ಟಿದ್ರೆ?’

ಶಿವರತ್ನಮ್ಮನವರು ಕಂಪ್ಯೂಟರಿನ ಮಾತು ಎತ್ತಲಿಲ್ಲ. ಪಕ್ಕದಲ್ಲಿ ನಿಂತಿದ್ದ ಶಂಕರ್, ‘ಅವ್ವ, ತಪ್ಪು ನಂದೂ ಅದೆ’ ಎಂದು ಬಾಯಿ ತೆರೆದಾಗ ಕೈಯೆತ್ತಿ ಸುಮ್ಮನಿರಿಸಿದರು. ಕೊನೆಗೆ ಚಿಕ್ಕಮಾದಮ್ಮನವರೇ ಮೂಗು ಒರೆಸಿಕೊಂಡು ಕೇಳಿದರು.

‘ಅಂಗಾರೆ ಬೆಳಿಗ್ಗೆ ಓದುದ್ರಲ್ಲ, ಅದು ಯಾರ್ದು?’

‘ಲೊಕ್ಕನಹಳ್ಳಿಯವರದು.’

‘ಅವಳ್ಗೆ ಯೋಳುದ್ರಾ?’

‘ಇನ್ನೂ ಇಲ್ಲ.’

‘ಅಯ್ಯೋ ನಿಮ್ಮ! ಅವ್ಳೂ ನನ್ನಂಗೇ ಅನ್ನ ನೀರು ಬುಟ್ಟು ಕುಂತಿರ್ತಾಳೆ ಕನ್ರೀ. ಪೋನ್ ಮಾಡಿ, ಈಗ್ಲೇ ಮಾಡಿ.’

ಶಿವರತ್ನಮ್ಮನವರು ಅಲ್ಲಿಂದಲೇ ಫೋನು ಮಾಡಿದರು. ಮೊದಲು ಊರು ಕೇಳಿದರು, ಗಂಡನ ಹೆಸರು ಕೇಳಿದರು, ಪರೀಕ್ಷೆಗೆ ಕೊಟ್ಟ ದಿನ ಕೇಳಿದರು. ಎಲ್ಲವೂ ಹೊಂದಿದ ಮೇಲೆಯೇ ಗಂಟು ಕೆಟ್ಟದ್ದಲ್ಲವೆಂದು ಹೇಳಿದರು. ಆ ಕಡೆಯಿಂದ ಬಂದ ಅಳು ಫೋನಿನಿಂದ ಹೊರಗೂ ಕೇಳಿಸಿತು. ಆಗ ಹೂಗ್ಯಂನ ಚಿಕ್ಕಮಾದಮ್ಮನವರು ಕೈಚಾಚಿ ಫೋನನ್ನು ಈಸಿಕೊಂಡರು.

‘ಅವ್ವೋ, ನಾನೂ ಚಿಕ್ಕಮಾದಮ್ಮನೇ ಕನವ್ವ, ಹೂಗ್ಯಂದೋಳು. ನಿನ್ನ ಒಳ್ಳೆ ಸುದ್ದಿ ಬೆಳಿಗ್ಗೆಯಿಂದ ನನ್ನತ್ರ ಇತ್ತು. ತಕಾ, ಈಗ ನಿಂದು ನಿಂಗೆ ಬಂತು. ಅಳಬ್ಯಾಡ, ಎದ್ದು ಉಣ್ಣು.’

ಶಂಕರ್ ಮುಖ ತಿರುಗಿಸಿಕೊಂಡು ಬೈಕಿನ ಕಡೆ ನಡೆದರು.

ಮರುದಿನ ಶಿವರತ್ನಮ್ಮನವರು ಹೇಳಿದಂತೆಯೇ ಮೈಸೂರಿಗೆ ಹೋದರು. ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ರಜೆ ಹಾಕಿ ಚಿಕ್ಕಮಾದಮ್ಮನವರ ಜೊತೆಗಿದ್ದರು. ಹಿಂದಿರುಗಿದ ಮೇಲೆ ಶಂಕರ್ ಜೊತೆ ಕುಳಿತು ಬಾಲ ಬೆಳೆದ ಒಂದೊಂದು ಫೋಲ್ಡರನ್ನೂ ತೆರೆದು, ಒಳಗಿನ ಮೇಲ್ ಓದಿ, ಓರೆಗೆರೆಯಿಲ್ಲದ ಹೊಸ ಹೆಸರಿಟ್ಟರು. ಊರಿನ ಹೆಸರನ್ನು ಮೊದಲಿಗೆ ತಂದರು. ‘ಕಂಪ್ಯೂಟರ್ ದೋಷ ಅಂತ ಬರೆದು ಮುಗಿಸೋಣ’ ಎಂದು ಬಸವೇಶ ಅವರು ವಿಶ್ವಾಸದಿಂದಲೇ ಸೂಚಿಸಿದಾಗ, ‘ಅದು ಹೆಸರು ಕತ್ತರಿಸ್ತು ಸಾರ್, ಓದಿದ್ದು ನಾನು’ ಎಂದರು. ರೋಗಿ ತನ್ನ ಹೆಸರು, ಮನೆಯವರ ಹೆಸರು, ಊರು ಮೂರನ್ನೂ ತಾನೇ ಹೇಳುವವರೆಗೆ ಯಾವ ವರದಿಯನ್ನೂ ಓದಬಾರದೆಂಬ ಕಟ್ಟಳೆ ನಮ್ಮಲ್ಲಿ ಬಂದದ್ದು ಅಂದಿನಿಂದ. ಧರ್ಮಾಸ್ಪತ್ರೆಗೆ ಅವರು ಕೊಟ್ಟ ಎಲ್ಲ ವರ್ಷಗಳಲ್ಲಿ, ತಮ್ಮ ತಪ್ಪಿನ ಹಿಂದೆ ತಾವೇ ಓಡಿಹೋದ ಆ ಮಧ್ಯಾಹ್ನವನ್ನೇ ನಾವು ಎಲ್ಲಕ್ಕಿಂತ ಹೆಚ್ಚಾಗಿ ಗೌರವಿಸುತ್ತೇವೆ.

ನಿವೃತ್ತಿಯ ಸುದ್ದಿಯನ್ನು ಹೂಗ್ಯಂನ ಚಿಕ್ಕಮಾದಮ್ಮನವರಿಗೆ ತಿಳಿಸಿದಾಗ ಅವರು ಒಪ್ಪಲೇ ಇಲ್ಲ. ‘ರಿಟೇರಾದ್ರೆ ಆಗ್ಲಿ, ಯಾರು ಬ್ಯಾಡ ಅಂದ್ರು? ನಾನು ಚೆಕಪ್ಪಿಗೆ ಬಂದಾಗ ಆ ಕುರ್ಚೀಲಿ ಅವ್ರೇ ಇರ್ಬೇಕು. ಒಳ್ಳೇದೋ ಕೆಟ್ಟದ್ದೋ, ನಾನು ಅವ್ರ ಬಾಯಲ್ಲೇ ಕೇಳದು’ ಎಂದರು. ಈ ಮಾತನ್ನು ಮುಟ್ಟಿಸಿದಾಗ ಶಿವರತ್ನಮ್ಮನವರು ಮುಖ ಮರೆಸಿಕೊಂಡರು. ಆಮೇಲೆ, ಆ ಚೆಕಪ್ಪು ಯಾವತ್ತು ಎಂದು ಕೇಳಿದರು. ನಿವೃತ್ತಿಯ ನಂತರವೂ ವರದಿಗಳನ್ನು ಓದಿ ಹೇಳಲು ಬೆಳಗಿನ ಹೊತ್ತು ಬಂದು ಕೂರಲು ಈಗ ಒಪ್ಪಿದ್ದಾರೆ. ಮಲೆಯ ಮಾದಪ್ಪ ಅವರಿಗೆ ತುಂಬು ಆಯಸ್ಸನ್ನೂ ಗಟ್ಟಿ ದನಿಯನ್ನೂ ಕೊಡಲಿ. ಆ ಕುರ್ಚಿ ಬಹುಕಾಲ ಬರಿದಾಗದಿರಲಿ.