ತೊಳೆದ ಗಾಜು

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. "ಕರೆದುಕೊಂಡು ಬನ್ನಿ, ಫೋಟೋ ತೆಗೆಯುತ್ತೇನೆ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಕ್ಯಾಮೆರಾದ ಪ್ಲೇಟಿನ ಮೇಲೆ ಬೀಳದ್ದು ಲೋಕದಲ್ಲೇ ಇಲ್ಲ ಎಂಬ ಜಂಬ ನನ್ನದು. ಈಗ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಕುಮಟೆಯಲ್ಲಿ ನನ್ನದೊಂದು ಸ್ಟುಡಿಯೋ. ನಾನಿನ್ನೂ ಗಾಜಿನ ಪ್ಲೇಟಿನ ಮೇಲೇ ಫೋಟೋ ತೆಗೆಯುತ್ತಿದ್ದೆ. ವರ್ಷ ತುಂಬಿದ ಪ್ಲೇಟುಗಳನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಚಿತ್ರವನ್ನು ಉಜ್ಜಿ ತೆಗೆದು, ಹಿಂಬದಿಗೆ ಬೆಳ್ಳಿಯ ದ್ರಾವಣ ಹೊಯ್ದು ಕನ್ನಡಿ ಮಾಡುವುದು ನನಗೊಂದು ಹುಚ್ಚು. ಪ್ಲೇಟಿನ ಮೂಲೆಯಲ್ಲಿ ಕೊರೆದ ನಂಬರು ಮಾತ್ರ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಿರ್ಜಾನದ ಮಾದೇವಿ ಬಂದಳು. ಹಿಂದಿನ ವರ್ಷ ಅವಳ ಮಗ ತಿಮ್ಮಪ್ಪನ ಫೋಟೋ ತೆಗೆದಿದ್ದೆ, ಹೊನ್ನಾವರದ ಹೆಣ್ಣಿನ ಮನೆಗೆ ಕಳಿಸಲು. ಮಾತು ಮಾತಿಗೂ ನಗುವ ಹುಡುಗ, ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. "ಹಲ್ಲು ಕಾಂತದೆ ಮಾರಾಯಾ, ಬಾಯಿ ಮುಚ್ಚು" ಎಂದು ಗದರಿಸಿ, ತುಟಿ ಬಿಗಿಸಿಯೇ ತೆಗೆದಿದ್ದೆ. ಒಂದೇ ಪ್ಲೇಟು. ಮದುವೆಗೆ ಮೊದಲೇ ಅಘನಾಶಿನಿ ಹೊಳೆಯಲ್ಲಿ ದೋಣಿ ಮಗುಚಿ ಅವನು ಹೋದ. ಹೆಣವೂ ಸಿಗಲಿಲ್ಲ.

"ಹೆಣ್ಣಿನ ಮನೆಯವ್ರು ತಿರುಗಿ ಕಳ್ಸಿದ ಫೋಟೋ ಗೆದ್ದಲು ತಿಂತು, ಒಡ್ಯಾ. ಮಗನ ಮೊಕ ನೆನಪು ಮಾಡ್ಕಂಡ್ರೂ ಬತ್ತಿಲ್ಲ. ಇನ್ನೊಂದು ಮಾಡಿಕೊಡಿ" ಎಂದಳು.

ರಿಜಿಸ್ಟರಿನಲ್ಲಿ ನಂಬರು ಸಿಕ್ಕಿತು, ಇನ್ನೂರ ಹದಿನಾಲ್ಕು. ಪೆಟ್ಟಿಗೆಯಲ್ಲಿ ಪ್ಲೇಟು ಇರಲಿಲ್ಲ. ತೊಳೆದುಬಿಟ್ಟಿದ್ದೆ. ಡಾರ್ಕ್ ರೂಮಿಗೆ ಹೊಕ್ಕು, ಹುಡುಕುವವನಂತೆ ಡಬ್ಬಿಗಳನ್ನು ಸರಿಸಿ ಸದ್ದು ಮಾಡುತ್ತ ನಿಂತೆ. ಆ ತಾಯಿಗೆ ಏನೆಂದು ಹೇಳಲಿ? ಒಡೆದುಹೋಯಿತು ಎನ್ನಲೇ?

ಹೊರಗೆ ಬಂದಾಗ ಅವಳು, ಗಿರಾಕಿಗಳು ತಲೆ ಬಾಚಿಕೊಳ್ಳಲೆಂದು ನಾನೇ ಮಾಡಿ ಇಟ್ಟಿದ್ದ ಕೈಗನ್ನಡಿಗೆ ಉಸಿರು ಊದಿ ಒರೆಸಲು ಸೆರಗು ಎತ್ತಿದ್ದಳು. ಎತ್ತಿದ ಕೈ ಹಾಗೇ ನಿಂತಿತು.

"ಇಲ್ಲೇ ಇವ್ನಲ್ಲ, ಒಡ್ಯಾ! ನಗ್ತಾ ಇವ್ನೆ."

ಹತ್ತಿರ ಹೋಗಿ ನೋಡಿದೆ. ಉಸಿರಿನ ಮಸುಕಿನಲ್ಲಿ ತಿಮ್ಮಪ್ಪನ ಮುಖ. ಕಣ್ಣು ಮಿಟುಕಿಸುವಷ್ಟು ಹೊತ್ತು ಇತ್ತು, ಹೋಯಿತು. ಮೂಲೆಯಲ್ಲಿದ್ದ ನಂಬರು ಇನ್ನೂರ ಹದಿನಾಲ್ಕು.

ನಿಜ ಹೇಳಿ ಕ್ಷಮೆ ಕೇಳಬೇಕಿತ್ತು. "ತಕಂಡ್ ಹೋಗು" ಎಂದಷ್ಟೇ ಅಂದೆ. ಅವಳು ಕನ್ನಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ನಡೆದಳು.

ಅಂದು ನನಗೆ ಕೂತಲ್ಲಿ ಕೂರಲಾಗಲಿಲ್ಲ. ಉಳಿದ ಕನ್ನಡಿಗಳನ್ನೆಲ್ಲ ಊದಿ ಊದಿ ನೋಡಿದೆ, ಕಂಡದ್ದು ನನ್ನದೇ ಮೋರೆ. ಎಷ್ಟು ತೊಳೆದರೂ ಗಾಜಿನಲ್ಲಿ ಚಿತ್ರದ ಗುರುತು ಉಳಿಯುವುದುಂಟು, ಉಸಿರು ತಾಗಿದರೆ ಕಾಣುತ್ತದೆ ಎಂದು ಭಟ್ಕಳದ ಹಿರಿಯ ಫೋಟೋಗ್ರಾಫರರೊಬ್ಬರು ಆಮೇಲೆ ಹೇಳಿದರು. ಇರಬಹುದು, ಒಪ್ಪಿದೆ. ಆದರೆ ಉಳಿದರೆ ನಾನು ತೆಗೆದ ಚಿತ್ರ ತಾನೇ ಉಳಿಯಬೇಕು? ಆ ಪ್ರಶ್ನೆ ಇಂದಿಗೂ ನನ್ನನ್ನು ಸುಮ್ಮನಿರಲು ಬಿಟ್ಟಿಲ್ಲ. ಕನ್ನಡಿಯಲ್ಲಿ ನಾನು ಕಂಡ ತಿಮ್ಮಪ್ಪನ ಬಾಯಿ ತೆರೆದಿತ್ತು. ಮುರಿದ ಹಲ್ಲು ಕಾಣುತ್ತಿತ್ತು.