ಕರಜಗಿಗೆ ಒಂದು ಟಿಕೆಟು

ಬೆಳಿಗ್ಗೆ ಎಂಟಕ್ಕೆ ಸೋಲಾಪುರದಲ್ಲಿ ಕರಜಗಿಯ ಕೆಂಪು ಎಸ್.ಟಿ. ಬಸ್ಸು ಹತ್ತಿದೆ. ಚಳಿಗಾಲ, ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಚೀಲದಲ್ಲಿ ತಮ್ಮನ ಮಗಳಿಗೊಂದು ಕುಂಚಿಗೆ, ಬೀಗರಿಗೆ ಶೇಂಗಾ ಚಟ್ನಿ ಇತ್ತು. ಅಂದು ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆಯಾದ ನಾನು.

ನನಗೆ ಉಗ್ಗು. ಅದರಲ್ಲೂ ಮಾತಿನ ಮೊದಲಿಗೇ ‘ಕ’ ಬಂದರೆ ಮುಗಿಯಿತು, ನಾಲಿಗೆ ಏಳುವುದಿಲ್ಲ. ಮಗುವಿಗೆ ಇಡಬೇಕೆಂದಿದ್ದುದು ತೀರಿಹೋದ ನಮ್ಮವ್ವನ ಹೆಸರು, ಕಮಲಾ. “ತ್ರಾಸ ಆಗ್ತದಂದ್ರ ಬಿಡು ಅಕ್ಕಾ, ಅನಿತಾ ಅಂತ ಇಡೂಣು” ಎಂದು ತಮ್ಮ ಫೋನಿನಲ್ಲಿ ಹೇಳಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ, ಆದರೂ ಸಂಕಟವಾಯಿತು. ನನ್ನ ನಾಲಿಗೆಗೆ ಹೆದರಿ ಅವ್ವನ ಹೆಸರು ತಪ್ಪಿಹೋಗಬೇಕೆ?

ಮಾತು ತಿದ್ದುವ ಡಾಕ್ಟರಮ್ಮ ಮೂರು ತಿಂಗಳಿಂದ ಉಸಿರಾಟ ಕಲಿಸುತ್ತಿದ್ದರು. “ಉಸಿರನ್ನ ಬರೇ ನೋಡ್ರಿ, ತಿದ್ದಾಕ ಹೋಗಬ್ಯಾಡ್ರಿ” ಎನ್ನುತ್ತಿದ್ದರು. ನಾನೋ, ಉಗ್ಗನ್ನು ಬಡಿದೋಡಿಸಲು ಉಸಿರನ್ನೇ ಬಡಿಗೆ ಮಾಡಿಕೊಂಡವಳು. ಕಂಡಕ್ಟರ್ ಹೆಣ್ಣುಮಗಳು ಮರಾಠಿಯಲ್ಲಿ “ಕುಠೇ?” ಎಂದು, ಎಲ್ಲಿಗೆಂದು ಕೇಳಿದಾಗ ಎದೆ ತುಂಬ ಉಸಿರೆಳೆದು, ಬಿಗಿಹಿಡಿದು, “ಅಕ್ಕಲಕೋಟ” ಎಂದುಬಿಟ್ಟೆ. ಇದು ನನ್ನ ಹಳೆಯ ಚಾಳಿ. ಹೋಗಬೇಕಾದ ಊರಿಗಲ್ಲ, ಹೇಳಲು ಬರುವ ಊರಿಗೆ ಟಿಕೆಟು ತೆಗೆಯುತ್ತೇನೆ. ಹೀಗೆ ಬೇಡದ ಎಷ್ಟೋ ಊರು ನೋಡಿದ್ದೇನೆ.

ಸುಮಾರು ನಲವತ್ತು ಕಿಲೋಮೀಟರು, ಎರಡೂ ಬದಿಗೆ ತೆನೆಗೆ ಬಂದ ಬಿಳಿಜೋಳ. ಅಕ್ಕಲಕೋಟದಲ್ಲಿ ಮಠಕ್ಕೆ ಹೋಗುವವರೆಲ್ಲ ಇಳಿದರು. ನಾನು ಏಳಲಿಲ್ಲ.

“ಅಕ್ಕಾರ, ಅಕ್ಕಲಕೋಟ ಬಂತ್ರಿ. ಇಳಿಯಂಗಿಲ್ಲೇನ್ರಿ?” ಎಂದಳು ಕಂಡಕ್ಟರ್.

“ಕ... ಕ...”

“ಕರಜಗಿ ಇರಬೇಕವಾ,” ಎಂದರು ಹಿಂದಿನ ಸೀಟಿನ ಮುದುಕರು.

“ತಡೀರಿ ಕಾಕಾ, ಅವ್ರ ಹೇಳ್ತಾರ. ಅಕ್ಕಾರ, ಗಾಡಿ ಇನ್ನೂ ಹತ್ತು ಮಿನಿಟ ನಿಂದರತದ. ಸಾವಕಾಶ ಹೇಳ್ರಿ.”

ಅವಳು ಎದುರು ಸೀಟಿನಲ್ಲಿ ಕುಳಿತು ನೀರು ಕುಡಿದಳು. ನನ್ನ ಬಾಯಿಯನ್ನು ದಿಟ್ಟಿಸಲಿಲ್ಲ. ಹಿಡಿದಿಟ್ಟಿದ್ದ ಉಸಿರು ತಾನಾಗಿ ಹೊರಟಿತು. ಹೋಗುವುದನ್ನು ನೋಡಿದೆ, ಮರಳಿ ಬರುವುದನ್ನೂ ನೋಡಿದೆ. ಅದರ ಜೊತೆಗೇ ಉಗ್ಗೂ ಬಂತು. ಬರಲಿ, ಇದೂ ನನ್ನದೇ ಎನಿಸಿತು.

“ಕ... ಕ... ಕರಜಗಿ.”

“ಒಂದ ಕರಜಗಿ,” ಎಂದು ಟಿಕೆಟು ಕೊಟ್ಟಳು. ಅವಳು ಕೊಟ್ಟದ್ದು ಬರೀ ಟಿಕೆಟಲ್ಲ. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಕರಜಗಿಯಲ್ಲಿ ತೊಟ್ಟಿಲು ಸಿಂಗರಿಸಿ, ಕಡಲೆ ಗುಗ್ಗರಿ ಬೇಯಿಸಿ ಕಾಯುತ್ತಿದ್ದರು. ನಮ್ಮ ಕಡೆ ಸೋದರತ್ತೆ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಿದೊಡನೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ‘ಕುರ್ರ್’ ಎನ್ನಲಿಕ್ಕೂ ‘ಕ’ ಬೇಕು, ನೋಡಿ! ಬಗ್ಗಿದೆ. ಹಿಂದೆ ಗುದ್ದಲು ಹತ್ತು ಕೈಗಳು ಎದ್ದು ನಿಂತವು. ಮಗುವಿನ ಹೊಟ್ಟೆ ಉಸಿರಿಗೆ ಏರಿ ಇಳಿಯುತ್ತಿತ್ತು. ಅದನ್ನೇ ನೋಡುತ್ತ, ಅವಸರ ಮಾಡದೆ, ಉಗ್ಗುತ್ತಲೇ ಹೇಳಿದೆ. “ಕು... ಕುರ್ರ್... ಕ... ಕ... ಕಮಲಾ.” ಅಲ್ಲಿಯವರೆಗೆ ಒಂದು ಕೈಯೂ ಇಳಿಯಲಿಲ್ಲ. ಆಮೇಲೆ ಬಿದ್ದ ಗುದ್ದಿಗೆ ಬೆನ್ನು ಚುರುಗುಟ್ಟಿತು, ಕಣ್ಣು ತುಂಬಿ ನಕ್ಕೆ.

“ಇನ್ನೊಂದ ಕಿವಿ ಉಳದದವಾ, ಅದ್ರಾಗೂ ಹೇಳು,” ಎಂದಳು ಬೀಗರ ಮನೆಯ ಅಜ್ಜಿ. ಹೇಳಿದೆ.

ಸಂಜೆಯ ಬಸ್ಸಿನಲ್ಲಿ ಬೇರೊಬ್ಬ ಕಂಡಕ್ಟರ್ “ಎಲ್ಲಿಗ್ರಿ?” ಎಂದ. ಸೋಲಾಪುರ ಎಂದಿದ್ದರೆ ಸಾಕಿತ್ತು.

“ಕ... ಕರಜಗಿಯಿಂದ ಸೋಲಾಪುರ,” ಎಂದೆ.