ಉಮುಕೊರೊ ಎಣ್ಣೆ ತೋಡಿದ್ದು

ಉಘೆಲ್ಲಿ ಪೇಟೆಯ ಸುತ್ತಲಿನ ಹಳ್ಳಿಗಳಲ್ಲೆಲ್ಲ ನೆಲದಡಿ ತೈಲ ಸಿಕ್ಕಿತ್ತು. ಉಮುಕೊರೊನ ಹೊಲದಲ್ಲಿ ಮಾತ್ರ ಐವತ್ತು ವರ್ಷದಿಂದ ಸಿಕ್ಕಿದ್ದು ಮರಗೆಣಸು. ಇದನ್ನು ಅವನು ತನಗಾದ ಅವಮಾನ ಎಂದೇ ತಿಳಿದಿದ್ದ. ಒಂದು ಶನಿವಾರ ಬೆಳಿಗ್ಗೆ ಗುದ್ದಲಿ ಹಿಡಿದು ಹೊಲದ ನಟ್ಟನಡುವೆ ಅಗೆಯತೊಡಗಿದ.

"ರೀ, ಅಲ್ಲಿ ಗೆಣಸು ಇನ್ನೂ ಬಲಿತಿಲ್ಲ," ಎಂದಳು ಹೆಂಡತಿ ಒನಜಿತೆ.

"ಗೆಣಸು ಯಾರಿಗೆ ಬೇಕೇ? ಇನ್ನೊಂದು ವಾರ ತಡಿ, ನಿನ್ನ ಕೃಷಿ ಮಂತ್ರಿ ಮಾಡ್ತೀನಿ."

"ಆಗ್ಲಿ. ಮಂತ್ರಿ ಹೇಳ್ತಿದಾಳೆ, ಆ ಸಾಲು ಬಿಟ್ಟು ಅಗೀರಿ."

ಹತ್ತನೆಯ ದಿನ ಗುಂಡಿಯ ತಳದಲ್ಲಿ ಕಪ್ಪಗೆ, ಜಿಡ್ಡುಜಿಡ್ಡಾಗಿ ಏನೋ ಒಸರಿತು. ಉಮುಕೊರೊ ಮೂಸಿ ನೋಡಿದ, ಕಣ್ಣಲ್ಲಿ ನೀರು ಬಂತು. ಓಡಿಹೋಗಿ, ಊರ ಮುಖ್ಯಸ್ಥರಾದ ಚೀಫುಗಳು ತೊಡುವ ಹವಳದ ಸರ, ಕೆಂಪು ಟೋಪಿಯನ್ನು ಚಿಕ್ಕಪ್ಪನಿಂದ ಕಡ ತಂದು ಹಾಕಿಕೊಂಡು, ಗುಂಡಿಯ ಪಕ್ಕ ಕುರ್ಚಿ ಹಾಕಿ ಕೂತ. ಊರಿಗೆ ಊರೇ ನೋಡಲು ಬಂತು. ಒಬ್ಬನಿಗೆ ಟಾರು ರಸ್ತೆ, ಇನ್ನೊಬ್ಬನಿಗೆ ಹಲ್ಲಿನ ಸೆಟ್ಟು, ಪಾದ್ರಿಗೆ ಚರ್ಚಿನಲ್ಲಿ ತೂಗುಹಾಕಲು ಎರಡು ಗಂಟೆ: ಕೇಳಿದವರಿಗೆಲ್ಲ ಅವನು ಕೊಡುತ್ತೇನೆಂದ.

ಬಂದವರಿಗೆ ಬಿಸಿಲಲ್ಲಿ ನಿಂತು ಹಸಿವಾಗುತ್ತಿತ್ತು. ಒನಜಿತೆ ಗೆಣಸು ತುರಿದು, ಹಿಂಡಿ, ಹುರಿದು ರವೆಯಂಥ ಗಾರಿ ಮಾಡಿ, ಕರಿದ ಮೀನಿನ ಜೊತೆ ಮಾರತೊಡಗಿದಳು. ನಾಲ್ಕು ದಿನದಲ್ಲಿ ಮೂರು ಮೂಟೆ ಖಾಲಿಯಾಯಿತು.

ಐದನೆಯ ದಿನ, ಮೇಲಿನ ದಿಬ್ಬದಲ್ಲಿ ತಾಳೆಹಣ್ಣಿನ ಗಾಣ ನಡೆಸುವ ಮುದುಕಿ ಎಜಿರೊ ಬಂದಳು. ಗುಂಡಿಗೆ ಕೋಲು ಅದ್ದಿ, ತುದಿಯನ್ನು ನೆಕ್ಕಿದಳು. ಜನ ಹೌಹಾರಿದರು.

"ಎಣ್ಣೇನೇ ಕಣಪ್ಪ ಚೀಫು," ಎಂದಳು. "ಆದ್ರೆ ನಂದು. ಗಾಣ ತೊಳೆದ ನೀರು ಅಲ್ಲಿಂದ ಇಳಿದು ಇಲ್ಲಿಗೆ ಬಂದಿದೆ."

ಆಗ ಶುರುವಾದ ನಗು ಸಂಜೆಯಾದರೂ ನಿಲ್ಲಲಿಲ್ಲ. ಉಮುಕೊರೊ ಕುರ್ಚಿಯಿಂದ ಏಳಲೇ ಇಲ್ಲ. ಕೊನೆಗೆ ಒನಜಿತೆಯೇ ಒಂದು ತಟ್ಟೆ ಗಾರಿ ತಂದು ಮಡಿಲಲ್ಲಿಟ್ಟಳು. ಅವನು ತಿಂದ, ಎರಡನೇ ಸಲ ಹಾಕಿಸಿಕೊಂಡ.

ಎಣ್ಣೆ ಹುಸಿಯಾದರೂ ಗಾರಿಗೆ ಜನ ಬರುವುದು ನಿಲ್ಲಲಿಲ್ಲ. ಒನಜಿತೆಗೆ ಕೈ ಸಾಲದೆ ಉಮುಕೊರೊ ಬಾಣಲೆಯ ಮುಂದೆ ಕೂತ. ಮೊದಲ ವಾರ ಸೀಯಿಸಿದ, ಎರಡನೆಯ ವಾರ ಕೈ ಸುಟ್ಟುಕೊಂಡ, ಮೂರನೆಯ ವಾರ ಹೆಂಡತಿಗೇ ಹುರಿಯುವುದು ಹೇಗೆಂದು ಹೇಳಿಕೊಡಲು ಹೋಗಿ ಬೈಸಿಕೊಂಡ.

ಮಳೆಗಾಲ ಮುಗಿದ ಮೇಲೆ ಕೃಷಿ ಇಲಾಖೆಯವನೊಬ್ಬ ಲೆಕ್ಕ ಬರೆದುಕೊಳ್ಳಲು ಬಂದ. ಗಾರಿ ತಿನ್ನುತ್ತ ಹೇಳಿದ: "ದೇಶದ ಒಟ್ಟು ದುಡಿಮೇಲಿ ತೈಲಕ್ಕಿಂತ ಹೊಲದ ಪಾಲೇ ದೊಡ್ಡದು, ಗೊತ್ತಾ?"

ಉಮುಕೊರೊ ಸಟ್ಟುಗ ಕೆಳಗಿಟ್ಟ. "ಇದನ್ನ ಮೊದ್ಲೇ ಬಂದು ಹೇಳಬಾರ್ದಿತ್ತಾ ಸಾರ್? ಹತ್ತು ದಿನ ಅಗೆದೆ."

"ಇರ್ಲಿ. ಈ ಮನೇಲಿ ಬೇಸಾಯ ಮಾಡೋರು ಎಷ್ಟು ಜನ?"

"ಇಬ್ರು," ಎಂದ ಉಮುಕೊರೊ ಎದೆಯುಬ್ಬಿಸಿ.

"ಒಂದೂವರೆ ಅಂತ ಬರ್ಕೊಳ್ಳಿ," ಎಂದಳು ಒನಜಿತೆ.